ಮದುವೆ, ಆಟ, ತೇರು: ಮೊದಲ ಕ್ಯಾಮೆರಾದ ದುಡ್ಡು ಎಲ್ಲಿ ಹಾಕಬೇಕು?

ಈ ಸಲದ ಓದುಗರ ಪ್ರಶ್ನೆಗಳಲ್ಲಿ ಉತ್ತರ ಕನ್ನಡದಿಂದ ಬಂದವನ್ನೇ ಒಟ್ಟು ಮಾಡಿದ್ದೇವೆ. ಕಾರವಾರದಿಂದ ಸಿದ್ದಾಪುರದವರೆಗೆ ಎಲ್ಲರೂ ಕೇಳಿದ್ದು ಹೆಚ್ಚುಕಡಿಮೆ ಒಂದೇ: ಸಮಾರಂಭಗಳ ಫೋಟೊ ತೆಗೆಯಲು ಮೊದಲ ಕ್ಯಾಮೆರಾ ಯಾವುದು, ಲೆನ್ಸ್ ಯಾವುದು?

ಪ್ರಶ್ನೆ: ಓದು ಮುಗಿದಿದೆ. ಊರಲ್ಲೇ ಇದ್ದು ಮದುವೆ, ಉಪನಯನ, ಗೃಹಪ್ರವೇಶಗಳ ಫೋಟೊ ಕೆಲಸ ಶುರು ಮಾಡುವ ಯೋಚನೆ. ಕೈಯಲ್ಲಿ 1.25 ಲಕ್ಷ ರೂಪಾಯಿ ಇದೆ. ಎರಡು ಲೆನ್ಸ್ ಇರುವ ಕಿಟ್ ತೆಗೆದುಕೊಂಡರೆ ಎಲ್ಲ ಆಯಿತು ಎನ್ನುತ್ತಾರೆ ಅಂಗಡಿಯವರು. ಹೌದೇ? — ಶಿರಸಿ

ಉತ್ತರ: ಬೇಡ. ಎರಡು ಲೆನ್ಸ್ ಬಂದರೂ ಎರಡೂ ಕತ್ತಲೆಯ ಲೆನ್ಸುಗಳೇ.

ಕಿಟ್ ಲೆನ್ಸಿನ ಮೇಲೆ 18-45 ಮಿ.ಮೀ., ಎಫ್ 4.5-6.3 ಎಂದೇನೋ ಬರೆದಿರುತ್ತದೆ. ಎಫ್ ಸಂಖ್ಯೆ ದೊಡ್ಡದಾದಷ್ಟೂ ಕ್ಯಾಮೆರಾಕ್ಕೆ ಸೇರುವ ಬೆಳಕು ಕಡಿಮೆ; ಝೂಮ್ ಮಾಡಿದಷ್ಟೂ ಬೆಳಕು ಇಳಿಯುತ್ತದೆ ಎಂದು ಅದರ ಅರ್ಥ. 45 ಮಿ.ಮೀ.ಗೆ ಹೋದಾಗ ಎಫ್ 6.3. ಅದೇ ಜಾಗದಲ್ಲಿ ಎಫ್ 2.8 ಲೆನ್ಸ್ ಇದ್ದರೆ ಐದು ಪಟ್ಟು ಬೆಳಕು ಒಳಗೆ ಬರುತ್ತದೆ. ಕಲ್ಯಾಣಮಂಟಪದಲ್ಲಿ ಎಫ್ 2.8 ಲೆನ್ಸಿಗೆ ಐಎಸ್‌ಒ (ಕ್ಯಾಮೆರಾ ಬೆಳಕನ್ನು ಹಿಗ್ಗಿಸುವ ಮಟ್ಟ) 2000 ಸಾಕಾದರೆ, ಕಿಟ್ ಲೆನ್ಸಿಗೆ ಅದೇ ಶಟರ್ ವೇಗದಲ್ಲಿ ಐಎಸ್‌ಒ 10000 ಬೇಕು. ಮದುಮಗಳ ಮುಖದ ಮೇಲೆ ರವೆ ಚೆಲ್ಲಿದ ಹಾಗೆ ಕಾಣುವುದು ಅದರಿಂದಲೇ. ಜನ ಮಾತ್ರ ಕ್ಯಾಮೆರಾವನ್ನೇ ಬೈಯುತ್ತಾರೆ, ಇನ್ನೂ ದೊಡ್ಡ ಬಾಡಿ ಕೊಳ್ಳುತ್ತಾರೆ, ಹಳೇ ಕಿಟ್ ಲೆನ್ಸನ್ನೇ ಅದಕ್ಕೂ ಸಿಕ್ಕಿಸುತ್ತಾರೆ.

ನಿಮ್ಮ ಮೊತ್ತದಲ್ಲಿ ಕ್ಯಾಮೆರಾದ ಪಾಲು ಅರ್ಧ ದಾಟಬಾರದು. ಉಳಿದ ಅರ್ಧದಲ್ಲಿ ಒಂದು ಎಫ್ 2.8 ಝೂಮ್, ಒಂದು ಫ್ಲ್ಯಾಶ್, ಕಾರ್ಡುಗಳು, ಎರಡು ಹೆಚ್ಚುವರಿ ಬ್ಯಾಟರಿ ಬರಬೇಕು. ಹೊಸದನ್ನೇ ಹಿಡಿದು ಕೂತರೆ ಲೆಕ್ಕ ಬಿಗಿಯಾಗುತ್ತದೆ; ಬಾಡಿ ಸೆಕೆಂಡ್ ಹ್ಯಾಂಡ್, ಲೆನ್ಸ್ ಹೊಸದು ಎಂದಾದರೆ ಸಲೀಸು. ಬಾಡಿಯ ಬೆಲೆ ಎರಡು ವರ್ಷದಲ್ಲಿ ಇಳಿಯುತ್ತದೆ, ಒಳ್ಳೆಯ ಲೆನ್ಸಿನ ಬೆಲೆ ಅಷ್ಟು ಬೇಗ ಇಳಿಯುವುದಿಲ್ಲ.

ಸೋನಿ ಎ6400 ಅಥವಾ ಕೆನಾನ್ ಆರ್10, ಇವೆರಡರಲ್ಲಿ ಒಂದರ ಮೇಲೆ ಸಿಗ್ಮಾ 18-50 ಎಫ್ 2.8. ನಮ್ಮ ಮೊದಲ ಆಯ್ಕೆ ಇದು. ಈ ಲೆನ್ಸ್ 300 ಗ್ರಾಮಿನ ಆಸುಪಾಸು ತೂಗುತ್ತದೆ. ಬೆಳಗಿನ ನಾಂದಿಯಿಂದ ಸಂಜೆಯ ಆರತಕ್ಷತೆಯವರೆಗೆ ಹಿಡಿದರೂ ಮಣಿಕಟ್ಟು ಸೋಲುವುದಿಲ್ಲ. ಸೋನಿಗೆ ಮೊದಲಿನಿಂದಲೂ ಇತ್ತು, ಕೆನಾನ್ ಆರ್‌ಎಫ್ ಮೌಂಟಿಗೆ 2024ರಲ್ಲಿ ಬಂತು. ಕೊಳ್ಳುವಾಗ ಮೌಂಟ್ (ಬಾಡಿಯಲ್ಲಿ ಲೆನ್ಸ್ ಕೂರುವ ಬಾಯಿ) ಯಾವುದೆಂದು ಪೆಟ್ಟಿಗೆಯ ಮೇಲೆ ಓದಿ ನೋಡಿ. ಸೋನಿಯಲ್ಲಿ ಇನ್ನೊಂದು ದಾರಿ ಟ್ಯಾಮ್ರನ್ 17-70 ಎಫ್ 2.8: ತೂಕ 525 ಗ್ರಾಂ, ಆದರೆ ಲೆನ್ಸಿನೊಳಗೇ ಕೈನಡುಕ ತಡೆಯುವ ವ್ಯವಸ್ಥೆ ಇದೆ. ಎ6400 ಬಾಡಿಯಲ್ಲಿ ಅದಿಲ್ಲ. ವಿಡಿಯೊವನ್ನೂ ತೆಗೆಯುವವರಿಗೆ ಟ್ಯಾಮ್ರನ್ ಮೇಲು, ಬರೀ ಫೋಟೊಕ್ಕೆ ಸಿಗ್ಮಾ ಸಾಕು. ಕೈನಡುಕ ತಡೆಯುವ ವ್ಯವಸ್ಥೆ ನಿಮ್ಮ ಕೈ ಅಲುಗುವುದನ್ನಷ್ಟೇ ತಡೆಯುತ್ತದೆ, ಅಕ್ಷತೆ ಹಾಕುವವರ ಕೈಯನ್ನಲ್ಲ.

ಕೆನಾನ್ ಆರ್50 ಅಗ್ಗವೆಂದು ಅದರ ಕಡೆಗೆ ಮನಸ್ಸು ಹೋಗುತ್ತದೆ. ಮನೆಮಂದಿಯ ಫೋಟೊಕ್ಕೆ ಒಳ್ಳೆಯ ಕ್ಯಾಮೆರಾ. ಕೆಲಸಕ್ಕೆ ಕೊಳ್ಳುವವರು ಒಂದು ವಿಷಯ ತಿಳಿದಿರಬೇಕು: ಅದರ ಫ್ಲ್ಯಾಶ್ ಶೂ ಹೊಸ ನಮೂನೆಯದು, ಹಳೆಯ ನಮೂನೆಯ ಫ್ಲ್ಯಾಶ್ ಕೂರಿಸಲು ಎಡಿ-ಇ1 ಎಂಬ ಅಡಾಪ್ಟರನ್ನು ಬೇರೆಯಾಗಿ ಕೊಳ್ಳಬೇಕು. ಮದುವೆಯ ಹಿಂದಿನ ರಾತ್ರಿ ಇದು ಗೊತ್ತಾದರೆ ಹುಬ್ಬಳ್ಳಿಗೆ ಓಡಲೂ ಹೊತ್ತಿರುವುದಿಲ್ಲ.

ಫ್ಲ್ಯಾಶಿಗೆ ಗೋಡಾಕ್ಸ್ ಟಿಟಿ685ರ ಎರಡನೇ ಆವೃತ್ತಿ ಸಾಕು. ನಾಲ್ಕು ಎಎ ಸೆಲ್ ಹಾಕುವಂಥದ್ದು. ಬಳಸಿ ಬಿಸಾಡುವ ಸೆಲ್ ಬೇಡ, ರೀಚಾರ್ಜ್ ಆಗುವ ನಿಕ್ಕಲ್ ಮೆಟಲ್ ಹೈಡ್ರೈಡ್ ಸೆಲ್ಲುಗಳ ನಾಲ್ಕರ ಮೂರು ಸೆಟ್, ಅಂದರೆ 12 ಸೆಲ್ ಇಟ್ಟುಕೊಳ್ಳಿ. ಹೆಸರಿನ ಕೊನೆಯ ಅಕ್ಷರ ಮುಖ್ಯ: ಕೆನಾನಿಗೆ ಸಿ, ನಿಕಾನಿಗೆ ಎನ್, ಸೋನಿಗೆ ಎಸ್. ಒಂದರದ್ದು ಇನ್ನೊಂದರ ಮೇಲೆ ಸರಿಯಾಗಿ ಮಾತಾಡುವುದಿಲ್ಲ.

ಎರಡನೇ ಲೆನ್ಸ್ ಮೊದಲ ನಾಲ್ಕೈದು ಕೆಲಸದ ದುಡ್ಡು ಕೈಸೇರಿದ ಮೇಲೆ ಸಾಕು: 50 ಮಿ.ಮೀ. ಎಫ್ 1.8. ಅದನ್ನು ಪೂರ್ತಿ ತೆರೆದೇ ಎಲ್ಲ ಫೋಟೊ ತೆಗೆಯುವ ಚಪಲ ಬೇಡ. ಎರಡು ಮೀಟರ್ ದೂರದಿಂದ ಎಫ್ 1.8ರಲ್ಲಿ ಈ ಕ್ಯಾಮೆರಾಗಳಲ್ಲಿ ಸ್ಪಷ್ಟವಾಗಿ ಬರುವ ಆಳ ಸುಮಾರು 11 ಸೆಂ.ಮೀ. ಮಾತ್ರ. ಮದುಮಗ ಒಂದು ಗೇಣು ಹಿಂದೆ ನಿಂತರೂ ಅವನ ಮುಖ ಮಸುಕು. ಇಬ್ಬರಿದ್ದರೆ ಎಫ್ 4, ಎರಡು ಸಾಲಿನ ಗುಂಪಿದ್ದರೆ ಎಫ್ 5.6ರಿಂದ 8.

70-200 ಎಫ್ 2.8 ಸದ್ಯಕ್ಕೆ ಬಾಡಿಗೆಗೆ ತನ್ನಿ. ವರ್ಷಕ್ಕೆ ಎಷ್ಟು ದಿನ ಬೇಕಾಯಿತೆಂದು ಬರೆದಿಡಿ. ಹತ್ತು ದಾಟಿದರೆ ಕೊಳ್ಳುವ ಮಾತು.

ಪ್ರಶ್ನೆ: 24 ಮೆಗಾಪಿಕ್ಸೆಲ್ ಸಾಕೇ, 32 ಬೇಕೇ? — ಯಲ್ಲಾಪುರ

ಉತ್ತರ: 24 ಸಾಕು. 6000 ಗುಣಿಸು 4000 ಚುಕ್ಕೆಗಳ ಚಿತ್ರವನ್ನು 12×36 ಇಂಚಿನ ಕರಿಜ್ಮಾ ಆಲ್ಬಮ್ಮಿನ ಎರಡು ಪುಟಕ್ಕೆ ಹಾಸಿದರೂ ಇಂಚಿಗೆ 166 ಚುಕ್ಕೆ ಸಿಗುತ್ತದೆ. ತೊಡೆಯ ಮೇಲಿಟ್ಟು ನೋಡುವ ಆಲ್ಬಮ್ಮಿಗೆ ಕೊರತೆಯಿಲ್ಲ.

ಪ್ರಶ್ನೆ: ರಾತ್ರಿ ಯಕ್ಷಗಾನ ಆಟದ ಫೋಟೊ ತೆಗೆಯಲು ನೋಡುತ್ತೇನೆ. ವೇಷದ ಮುಖ ಸುಣ್ಣ ಬಳಿದ ಹಾಗೆ ಬರುತ್ತದೆ, ಕೈಗಳು ಅಳಿಸಿಹೋಗಿರುತ್ತವೆ. ಯಾವ ಲೆನ್ಸ್ ಬೇಕು? ಫ್ಲ್ಯಾಶ್ ಹಾಕಬಹುದೇ? — ಹೊನ್ನಾವರ

ಉತ್ತರ: ಇವು ಎರಡು ಬೇರೆ ಬೇರೆ ದೋಷ. ಮುಖ ಸುಣ್ಣವಾಗುವುದು ಕ್ಯಾಮೆರಾ ಬೆಳಕು ಅಳೆಯುವ ಮೀಟರಿನಿಂದ, ಕೈ ಅಳಿಸುವುದು ಶಟರಿನಿಂದ.

ರಂಗಸ್ಥಳದ ಹಿಂದಿನ ಪರದೆ ಕಡುಬಣ್ಣದ್ದು, ಸುತ್ತ ಕತ್ತಲೆ. ಚೌಕಟ್ಟಿನ ಮುಕ್ಕಾಲು ಪಾಲು ಕಪ್ಪು. ಕ್ಯಾಮೆರಾ ಆ ಕಪ್ಪನ್ನೆಲ್ಲ ಬೂದು ಮಾಡಲು ಹೊರಟು ಬೆಳಕು ಏರಿಸುತ್ತದೆ. ಬಣ್ಣ ಹಚ್ಚಿದ ಮುಖ, ಕಿರೀಟದ ಬೇಗಡೆ ಸುಟ್ಟುಹೋಗುತ್ತವೆ. ಆಟದಲ್ಲಿ ಒಂದು ಅನುಕೂಲವಿದೆ: ರಂಗಸ್ಥಳದ ದೀಪ ಇಡೀ ರಾತ್ರಿ ಒಂದೇ ಸಮ. ಆದ್ದರಿಂದ ಎಲ್ಲವನ್ನೂ ಮ್ಯಾನುಯಲ್ಲಿಗೆ ಹಾಕಿ. ಪೂರ್ವರಂಗ ನಡೆಯುವಾಗ ಹತ್ತು ಫೋಟೊ ತೆಗೆದು ಮುಖ ಸರಿ ಬರುವವರೆಗೆ ಹೊಂದಿಸಿ, ಆಮೇಲೆ ಬೆಳಗಿನವರೆಗೆ ಮುಟ್ಟಬೇಡಿ. ಎಫ್ 2.8, 1/250, ಐಎಸ್‌ಒ 3200ರಿಂದ ಶುರು ಮಾಡಿ. ಹಳ್ಳಿಯ ಬಯಲಾಟದಲ್ಲಿ ದೀಪ ಕಡಿಮೆಯಿದ್ದರೆ 6400.

ಬೆಳಕು ನೋಡಲು ಕ್ಯಾಮೆರಾದ ಪರದೆಯನ್ನು ನಂಬಬೇಡಿ. ಕತ್ತಲಲ್ಲಿ ಅದು ಯಾವಾಗಲೂ ಚೆಂದವೇ ಕಾಣುತ್ತದೆ. ಹಿಸ್ಟೋಗ್ರಾಮಿನಲ್ಲಿ (ಬೆಳಕಿನ ಹಂಚಿಕೆ ತೋರಿಸುವ ಗೆರೆಚಿತ್ರ) ಕೆಂಪು, ಹಸಿರು, ನೀಲಿ ಮೂರನ್ನೂ ಬೇರೆ ಬೇರೆ ತೋರಿಸುವ ಆಯ್ಕೆ ಇರುತ್ತದೆ, ಅದನ್ನು ಹಾಕಿಕೊಳ್ಳಿ. ವೇಷದ ಕೆಂಪು ಬಟ್ಟೆಯಲ್ಲಿ ಮೊದಲು ತುಂಬಿ ಚೆಲ್ಲುವುದು ಕೆಂಪಿನ ಪಾಲು. ಒಟ್ಟು ಹಿಸ್ಟೋಗ್ರಾಮ್ ಸರಿಯಿದ್ದರೂ ಸೀರೆಯ ನೆರಿಗೆಗಳೆಲ್ಲ ಒಂದೇ ಕೆಂಪು ಹಾಳೆಯಾಗಿ ಬರುವುದಕ್ಕೆ ಕಾರಣ ಅದು. ಕೆಂಪಿನ ಗೆರೆ ಬಲಗಡೆಯ ಗೋಡೆಗೆ ತಾಗದ ಹಾಗೆ ಅರ್ಧ ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕಿಳಿಯುವಷ್ಟು) ಇಳಿಸಿ, ಕ್ಯಾಮೆರಾ ತಿದ್ದದೆ ಉಳಿಸುವ ರಾ ಫೈಲಿನಲ್ಲಿ ಆಮೇಲೆ ಏರಿಸಿಕೊಳ್ಳಿ.

ಶಟರಿನ ಲೆಕ್ಕ ವೇಷದ ಚಲನೆಗೆ ತಕ್ಕಂತೆ. ನಿಂತು ಅರ್ಥ ಹೇಳುವಾಗ 1/160 ಸಾಕು. ಒಡ್ಡೋಲಗದ ಕುಣಿತಕ್ಕೆ 1/250. ಮಂಡಿ ಹಾಕುವಾಗ (ಮೊಣಕಾಲ ಮೇಲೆ ಗಿರಕಿ ಹೊಡೆಯುವಾಗ) 1/500ಕ್ಕಿಂತ ಕೆಳಗಿಳಿದರೆ ಕೈ, ಗೆಜ್ಜೆ ಎರಡೂ ಗೆರೆಯಾಗುತ್ತವೆ. ಅಲ್ಲಿ ಎಫ್ 1.8 ಲೆನ್ಸಿನ ಬೆಲೆ ಗೊತ್ತಾಗುವುದು: ಎಫ್ 2.8ಕ್ಕಿಂತ ಹೆಚ್ಚುಕಡಿಮೆ ಎರಡೂವರೆ ಪಟ್ಟು ಬೆಳಕು, ಅಂದರೆ ಅದೇ ಐಎಸ್‌ಒದಲ್ಲಿ 1/250ರ ಬದಲು 1/500 ಸಿಕ್ಕೂ ಸ್ವಲ್ಪ ಉಳಿಯುತ್ತದೆ.

ಎಷ್ಟು ಮಿ.ಮೀ. ಬೇಕೆಂಬುದನ್ನು ಊಹಿಸಬೇಡಿ, ಲೆಕ್ಕ ಹಾಕಿ. ಎದುರು ಸಾಲಿನಿಂದ ವೇಷಕ್ಕೆ ಏಳು ಮೀಟರ್ ಎಂದಿಟ್ಟುಕೊಳ್ಳಿ. ಎ6400, ಆರ್10 ಥರದ ಸಣ್ಣ ಸೆನ್ಸರಿನ ಕ್ಯಾಮೆರಾವನ್ನು ನೆಟ್ಟಗೆ ತಿರುಗಿಸಿ ಹಿಡಿದರೆ 50 ಮಿ.ಮೀ.ನಲ್ಲಿ ಮೇಲಿಂದ ಕೆಳಗೆ ಸುಮಾರು 3.3 ಮೀಟರ್ ಹಿಡಿಯುತ್ತದೆ: ಕಿರೀಟದಿಂದ ಗೆಜ್ಜೆಯವರೆಗೆ, ಹಾರುವುದಕ್ಕೂ ಜಾಗ ಬಿಟ್ಟು. 85ರಲ್ಲಿ 1.9 ಮೀಟರ್, ಅಂದರೆ ಮೊಣಕಾಲಿನವರೆಗೆ. 135ರಲ್ಲಿ 1.2 ಮೀಟರ್, ಕಿರೀಟ ಮತ್ತು ಎದೆ. ಆಟಕ್ಕೆಂದೇ ಒಂದು ಲೆನ್ಸ್ ಕೊಳ್ಳುವವರು 85 ಮಿ.ಮೀ. ಎಫ್ 1.8 ನೋಡಬೇಕು. 50 ಹೇಗೂ ಮದುವೆಗೆ ಬಂದೇ ಬರುತ್ತದೆ.

ಫೋಕಸ್ ನಿರಂತರ ಮೋಡಿನಲ್ಲಿರಲಿ. ಕಣ್ಣು ಗುರುತಿಸುವ ವ್ಯವಸ್ಥೆ ಸ್ತ್ರೀವೇಷ, ಪುಂಡುವೇಷದ ಮೇಲೆ ಕೆಲಸ ಮಾಡುತ್ತದೆ; ಬಣ್ಣದ ವೇಷ (ರಾಕ್ಷಸ ಪಾತ್ರ) ಬಂದಾಗ ದಾರಿ ತಪ್ಪಿ ಕಿರೀಟಕ್ಕೋ ಭಾಗವತರ ಮುಖಕ್ಕೋ ಹೋಗಬಹುದು. ಆಗ ಒಂದೇ ಚೌಕವನ್ನು ಮುಖದ ಮೇಲಿಟ್ಟು ತೆಗೆಯುವುದೇ ಮೇಲು.

ಫ್ಲ್ಯಾಶ್ ಬೇಡ. ಕಲಾವಿದರ ಕಣ್ಣು ಕುಕ್ಕುತ್ತದೆ. ಕೇಳದೆ ಹಾಕಿದರೆ ಮೈಕಿನಲ್ಲೇ ಹೇಳಿಸಿಕೊಳ್ಳಬೇಕಾದೀತು. ಅದಿರಲಿ, ಫೋಟೊಕ್ಕೂ ಅದರಿಂದ ಲಾಭವಿಲ್ಲ. ಬದಿಯ ದೀಪದಿಂದ ಕಿರೀಟದ ಒಂದೊಂದು ಮಣಿಗೂ ಹೊಳಪು ಒಂದು ಕಡೆ, ನೆರಳು ಇನ್ನೊಂದು ಕಡೆ ಬಿದ್ದಿರುತ್ತದೆ; ಎದುರಿನ ಫ್ಲ್ಯಾಶ್ ಅದನ್ನೆಲ್ಲ ತಗಡು ಮಾಡುತ್ತದೆ. ನಡುವಿನ ಸಾಲಿನಲ್ಲಿ ನಿಲ್ಲುವ ಬದಲು ರಂಗಸ್ಥಳದ ಮೂಲೆಯಿಂದ, ನೆಲಕ್ಕೆ ಕೂತು ತೆಗೆಯಿರಿ. ಹಿಂದಿನವರ ಬೈಗಳೂ ಇಲ್ಲ, ಭಾಗವತರ ಮೈಕ್ ಸ್ಟ್ಯಾಂಡ್ ವೇಷದ ಮೂಗಿಗೆ ಅಡ್ಡ ಬರುವುದೂ ಇಲ್ಲ. ವೇಷ ಕಟ್ಟುವ ಚೌಕಿಯೊಳಗೆ ಹೋಗುವುದಿದ್ದರೆ ಕೇಳಿ, ಚಪ್ಪಲಿ ಬಿಟ್ಟು ಹೋಗಿ. ಅಲ್ಲಿ 35 ಮಿ.ಮೀ. ಎಫ್ 1.8 ಇದ್ದರೆ ಒಂದೇ ಬಲ್ಬಿನ ಬೆಳಕಲ್ಲಿ ಮುಖಕ್ಕೆ ಬಣ್ಣ ಬರೆಯುವುದು ಚೆನ್ನಾಗಿ ಸಿಗುತ್ತದೆ.

ಪ್ರಶ್ನೆ: ಸ್ಟೇಜಿನ ಫೋಟೊಗಳಲ್ಲಿ ಅಡ್ಡಡ್ಡ ಕಪ್ಪು ಪಟ್ಟಿ. ಕ್ಯಾಮೆರಾ ಹಾಳಾಯಿತೇ? — ಅಂಕೋಲಾ

ಉತ್ತರ: ಹಾಳಾಗಿಲ್ಲ. ನಮ್ಮಲ್ಲಿ ಕರೆಂಟ್ 50 ಹರ್ಟ್ಸ್. ಅದರ ಮೇಲೆ ಉರಿಯುವ ಅಗ್ಗದ ಎಲ್‌ಇಡಿ, ಟ್ಯೂಬ್‌ಲೈಟುಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಶಟರ್ 1/100 ಅಥವಾ 1/50ಕ್ಕೆ ಇಟ್ಟರೆ ಪ್ರತಿ ಫೋಟೊದಲ್ಲೂ ಪೂರ್ತಿ ಮಿಣುಕು ಸೇರಿ ಪಟ್ಟಿ ಮಾಯವಾಗುತ್ತದೆ. ಇನ್ನೂ ವೇಗ ಬೇಕಿದ್ದರೆ ಮೆನುವಿನಲ್ಲಿ ಆ್ಯಂಟಿ ಫ್ಲಿಕರ್ ಹಾಕಿ. ದೀಪ ಪೂರ್ತಿ ಬೆಳಗುವ ಗಳಿಗೆಗೆ ಕಾದು ಶಟರ್ ಬೀಳುತ್ತದೆ.

ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಇಟ್ಟಿದ್ದರೆ ಮೊದಲು ಅದನ್ನು ತೆಗೆದು ಮೆಕ್ಯಾನಿಕಲ್ ಮಾಡಿ. ಎಲೆಕ್ಟ್ರಾನಿಕ್ ಶಟರ್ ಸೆನ್ಸರನ್ನು ಸಾಲುಸಾಲಾಗಿ ನಿಧಾನ ಓದುತ್ತದೆ. ಓದಿ ಮುಗಿಯುವಷ್ಟರಲ್ಲಿ ದೀಪ ಹಲವು ಸಲ ಮಿಣುಕಿರುತ್ತದೆ, ಆ ಮಿಣುಕುಗಳೇ ಪಟ್ಟಿಗಳು. ಆರ್ಕೆಸ್ಟ್ರಾದ ಬಣ್ಣದ ಪಾರ್ ಲೈಟುಗಳು, ಹಿಂದಿನ ಎಲ್‌ಇಡಿ ಪರದೆ ಇವುಗಳ ಮಿಣುಕು ಬೇರೆಯೇ ಲಯದ್ದು. ಅಲ್ಲಿ ಆ್ಯಂಟಿ ಫ್ಲಿಕರ್ ಕೆಲಸಕ್ಕೆ ಬಾರದು. 1/50ರಿಂದ 1/125ರ ನಡುವೆ ಒಂದೊಂದೇ ಮೆಟ್ಟಿಲು ಪ್ರಯೋಗಿಸಿ ನೋಡುವುದೇ ದಾರಿ.

ಪ್ರಶ್ನೆ: ನಮ್ಮ ಕಡೆ ಮದುವೆ ಮನೆಯಂಗಳದ ಚಪ್ಪರದಲ್ಲೇ. ಸುತ್ತ ಅಡಿಕೆ ತೋಟ. ಮುಖವೆಲ್ಲ ಹಸಿರು ಹಸಿರು, ಹೋಮದ ಹೊತ್ತಿಗೆ ಹೊಗೆ. ಫ್ಲ್ಯಾಶ್ ಹಾಕಿದರೆ ಹೊಗೆಯೇ ಬೆಳ್ಳಗೆ ಕಾಣುತ್ತದೆ. ಏನು ಮಾಡಬೇಕು? — ಸಿದ್ದಾಪುರ

ಉತ್ತರ: ಹಸಿರು ಬರುವುದು ತೋಟದ ಎಲೆಗಳಿಂದ ಸೋಸಿ ಬಂದ ಬೆಳಕಿನಿಂದ. ಅದಕ್ಕೆ ಚಪ್ಪರದ ಬಟ್ಟೆಯ ಬಣ್ಣವೂ ಸೇರುತ್ತದೆ. ಬೆಳಕಿನ ಬಣ್ಣಕ್ಕೆ ತಕ್ಕಂತೆ ಚಿತ್ರದ ಬಣ್ಣ ಹೊಂದಿಸುವ ಆಟೊ ವೈಟ್ ಬ್ಯಾಲೆನ್ಸ್ ಪ್ರತಿ ಫೋಟೊಕ್ಕೂ ಬೇರೆ ಊಹೆ ಮಾಡುವುದರಿಂದ ಒಂದೇ ಮುಹೂರ್ತದ ಐವತ್ತು ಫೋಟೊದಲ್ಲಿ ಐವತ್ತು ಮೈಬಣ್ಣ. ಬೂದು ಕಾರ್ಡ್ ಒಂದನ್ನು ಮಂಟಪದಲ್ಲಿ ವಧೂವರರು ಕೂರುವ ಜಾಗದಲ್ಲೇ, ಮುಖ ಇರುವ ಎತ್ತರಕ್ಕೆ ಹಿಡಿಸಿ ಒಂದು ಫೋಟೊ ತೆಗೆಯಿರಿ. ಅದರಿಂದ ಕಸ್ಟಮ್ ವೈಟ್ ಬ್ಯಾಲೆನ್ಸ್ ಮಾಡಿಕೊಳ್ಳಿ. ಬಿಸಿಲು ತಿರುಗಿದ ಹಾಗೆ ಗಂಟೆಗೊಮ್ಮೆ ಮತ್ತೆ ಮಾಡಬೇಕು. ಬಿಳಿ ಪಂಚೆಯನ್ನು ನೋಡಿ ಹೊಂದಿಸುವವರಿದ್ದಾರೆ. ಪಂಚೆಗೆ ನೀಲಿ ಹಾಕಿರುತ್ತದೆ, ಮುಖ ಹಳದಿಗೆ ತಿರುಗುತ್ತದೆ. ಆಮೇಲೂ ಸ್ವಲ್ಪ ಹಸಿರು ಉಳಿದರೆ ರಾ ಫೈಲಿನಲ್ಲಿ ಟಿಂಟ್ ಅನ್ನು ಮಜೆಂಟಾ ಕಡೆಗೆ ಸರಿಸಿ.

ಹೊಗೆಯ ಮಾತು. ಕ್ಯಾಮೆರಾದ ತಲೆಯ ಮೇಲಿನ ಫ್ಲ್ಯಾಶ್ ಮೊದಲು ಬೀಳುವುದು ನಿಮ್ಮ ಎದುರಿನ ಹೊಗೆಯ ಮೇಲೆ. ಬೆಳಕಿನ ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದಕ್ಕಿಳಿಯುತ್ತದೆ. ಒಂದು ಮೀಟರಿನಲ್ಲಿರುವ ಹೊಗೆಗೆ ಬೀಳುವ ಬೆಳಕು ಮೂರು ಮೀಟರಿನಲ್ಲಿರುವ ಮುಖಕ್ಕಿಂತ ಒಂಬತ್ತು ಪಟ್ಟು ಹೆಚ್ಚು. ಇನ್ನೇನು ಕಂಡೀತು? ಫ್ಲ್ಯಾಶನ್ನು ಕ್ಯಾಮೆರಾದಿಂದ ಇಳಿಸಿ ಸ್ಟ್ಯಾಂಡಿನ ಮೇಲೆ, ಮಂಟಪದ ಒಂದು ಬದಿಗೆ, ಎರಡು ಮೀಟರ್ ಎತ್ತರದಲ್ಲಿಟ್ಟು ಬಿಳಿ ಕೊಡೆಯ ಮೂಲಕ ಬಿಡಿ, ರೇಡಿಯೊ ಟ್ರಿಗರಿನಿಂದ ಹೊಡೆಸಿ. ಈಗ ಹೊಗೆಗೆ ಬದಿಯಿಂದ ಬೆಳಕು, ಅದು ಎಳೆಎಳೆಯಾಗಿ ಚೆಂದವೇ ಕಾಣುತ್ತದೆ. ಸ್ಟ್ಯಾಂಡಿನ ಕಾಲಿಗೆ ಎರಡು ಕೆ.ಜಿ. ಮರಳಿನ ಚೀಲ ಕಟ್ಟದೆ ಬಿಟ್ಟರೆ ಊಟಕ್ಕೆ ಓಡುವ ಮಕ್ಕಳು ಬೀಳಿಸುವುದು ಖಂಡಿತ.

ನಿಲ್ಲುವಾಗ ಗಾಳಿ ಬರುವ ಕಡೆ ನಿಲ್ಲಿ. ಕುಂಡದ ಉರಿಯ ಮೇಲಿಂದ ಹಾಯಿಸಿ ಮುಖಕ್ಕೆ ಫೋಕಸ್ ಮಾಡಬೇಡಿ, ಬಿಸಿಗಾಳಿ ಅಲೆಯಾಡಿ ಎಷ್ಟು ದುಬಾರಿ ಲೆನ್ಸಾದರೂ ಮುಖ ಕರಗಿದ ಹಾಗೆ ಬರುತ್ತದೆ. ಒಂದು ಹೆಜ್ಜೆ ಬದಿಗೆ ಸರಿದರೆ ಸಾಕು.

ಚಪ್ಪರದಲ್ಲಿ ಫ್ಲ್ಯಾಶನ್ನು ಮೇಲಕ್ಕೆ ತಿರುಗಿಸಿ ಬೌನ್ಸ್ ಮಾಡುವುದು ವ್ಯರ್ಥ. ಕೆಂಪು ಹಳದಿ ಬಟ್ಟೆಗೆ ತಾಗಿದ ಬೆಳಕು ಅದೇ ಬಣ್ಣ ಹೊತ್ತು ಇಳಿಯುತ್ತದೆ, ಸೋಗೆಯ ಚಪ್ಪರವಾದರೆ ಇಳಿಯುವುದೇ ಇಲ್ಲ. ಬೌನ್ಸ್ ಬೇಕಾದ್ದು ಬಿಳಿ ಸೀಲಿಂಗಿನ ಸಭಾಭವನಕ್ಕೆ, ಅದೂ ಸೀಲಿಂಗ್ ಮೂರು ನಾಲ್ಕು ಮೀಟರಿನೊಳಗಿದ್ದರೆ. ತಗಡಿನ ಚಾವಣಿಯ ಎತ್ತರದ ಹಾಲುಗಳಲ್ಲಿ ಹತ್ತಿರದ ಬಿಳಿ ಗೋಡೆ ಹುಡುಕಿ. ಫ್ಲ್ಯಾಶ್ ಹಾಕಿದಾಗ ಶಟರ್ 1/160 ದಾಟದಿರಲಿ: ಎ6400ರ ಮಿತಿ ಅದೇ, ಬೇರೆಯವುಗಳಲ್ಲಿ 1/200ರ ಆಸುಪಾಸು.

ಅಂತರಪಟ ಸರಿಸುವ ಗಳಿಗೆ ತಪ್ಪಿಸಿಕೊಳ್ಳುವವರೇ ಬಹಳ. ಕಾರಣ ಫೋಕಸ್: ಬಟ್ಟೆ ಅಡ್ಡ ಇರುವವರೆಗೆ ಕ್ಯಾಮೆರಾ ಬಟ್ಟೆಯನ್ನೇ ಹಿಡಿದಿರುತ್ತದೆ, ಸರಿದ ಮೇಲೆ ಮುಖ ಹುಡುಕುವಷ್ಟರಲ್ಲಿ ಆ ನೋಟ ಮುಗಿದಿರುತ್ತದೆ. ಫೋಕಸ್ಸನ್ನು ಹಿಂದಿನ ಗುಂಡಿಗೆ ವರ್ಗಾಯಿಸಿ, ಬಟ್ಟೆಯ ಬದಿಯಿಂದ ಕಾಣುವ ಮದುಮಗನ ಕಿವಿಗೋ ಬಾಸಿಂಗಕ್ಕೋ ಫೋಕಸ್ ಮಾಡಿ ಬೆರಳು ತೆಗೆದುಬಿಡಿ. ಎಫ್ 4 ಇಟ್ಟು ಕಾಯಿರಿ. ಪುರೋಹಿತರನ್ನು ಮೊದಲೇ ಮಾತಾಡಿಸಿ ಯಾವ ಕಡೆಗೆ ಸರಿಸುತ್ತಾರೆಂದು ಕೇಳಿಕೊಂಡಿದ್ದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ನಿಕಾನ್ ಡಿ750 ಸೆಕೆಂಡ್ ಹ್ಯಾಂಡ್ ಸಿಗುತ್ತಿದೆ. ಮಿರರ್‌ಲೆಸ್ ಬಂದ ಮೇಲೂ ಡಿಎಸ್‌ಎಲ್‌ಆರ್ ಕೊಳ್ಳಬಹುದೇ? — ಕುಮಟಾ

ಉತ್ತರ: ಬೆಲೆ ಸರಿಯಿದ್ದರೆ ಕೊಳ್ಳಬಹುದು. 2014ರ ಕ್ಯಾಮೆರಾ. ಆದರೆ ಫುಲ್ ಫ್ರೇಮ್ ಸೆನ್ಸರ್, ಅಂದರೆ ಎ6400ರದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ವಿಸ್ತೀರ್ಣ. ಎರಡು ಎಸ್‌ಡಿ ಕಾರ್ಡ್ ಹಾಕಬಹುದು. ಒಂದು ಬ್ಯಾಟರಿಗೆ ಕಂಪನಿಯ ಲೆಕ್ಕ 1230 ಫೋಟೊ. ಎಷ್ಟೋ ಮದುವೆಗಳಲ್ಲಿ ದಿನಕ್ಕೆ ಒಂದು ಬ್ಯಾಟರಿಯೇ ಸಾಕಾಗುತ್ತದೆ. ಕೊರತೆ ಎರಡು: ಕಣ್ಣು ಹಿಡಿಯುವ ಫೋಕಸ್ ಇಲ್ಲ, 51 ಫೋಕಸ್ ಬಿಂದುಗಳೂ ನಡುವೆ ಗುಂಪಾಗಿವೆ. ಇನ್ನು, ಡಿಎಸ್‌ಎಲ್‌ಆರ್ ಲೆನ್ಸುಗಳು ಸೆಕೆಂಡ್ ಹ್ಯಾಂಡಿನಲ್ಲಿ ಈಗ ಅಗ್ಗ. ನೀವು ಮಾರುವಾಗ ಇನ್ನೂ ಅಗ್ಗವಾಗಿರುತ್ತವೆ ಎಂಬುದೂ ನೆನಪಿರಲಿ.

ನೋಡಲು ಹೋಗುವಾಗ ನಿಮ್ಮದೇ ಕಾರ್ಡ್, ಒಂದು ಟಾರ್ಚ್, ಒಂದು ಫ್ಲ್ಯಾಶ್ ಒಯ್ಯಿರಿ. ಒಂದು ಫೋಟೊ ತೆಗೆದು ಅದರ ಮಾಹಿತಿಯಲ್ಲಿ ಶಟರ್ ಎಣಿಕೆ ನೋಡಿ. ನಿಕಾನ್ ಅದನ್ನು ಫೈಲಿನಲ್ಲೇ ಬರೆಯುತ್ತದೆ. ಡಿ750ರ ಶಟರನ್ನು ಪರೀಕ್ಷಿಸಿರುವುದು 1,50,000ಕ್ಕೆ, ಒಂದು ಲಕ್ಷ ದಾಟಿದ್ದರೆ ಬೆಲೆ ಅಷ್ಟು ಇಳಿಯಬೇಕು. ಈ ಮಾದರಿಯ ಕೆಲವು ಕ್ಯಾಮೆರಾಗಳ ಶಟರ್ ದೋಷದ ಬಗ್ಗೆ ನಿಕಾನ್ ಸೇವಾ ಸೂಚನೆ ಹೊರಡಿಸಿತ್ತು, ಸೀರಿಯಲ್ ನಂಬರ್ ಕೇಳಿ ಪರಿಶೀಲಿಸಿ. ಎಫ್ 16ಕ್ಕೆ ಇಟ್ಟು, ಫೋಕಸ್ ಕೆಡಿಸಿ, ಬಿಳಿ ಗೋಡೆಯ ಫೋಟೊ ತೆಗೆಯಿರಿ: ದುಂಡು ಚುಕ್ಕೆ ಧೂಳು, ತೊಳೆದರೆ ಹೋಗುತ್ತದೆ, ದಾರದ ಎಳೆಯಂಥದ್ದು ಕಂಡರೆ ಬೂಸು ಇರಬಹುದು, ಬಿಟ್ಟು ಬನ್ನಿ. ಮುಚ್ಚಳ ಹಾಕಿ ಐಎಸ್‌ಒ 1600ರಲ್ಲಿ 30 ಸೆಕೆಂಡ್ ತೆಗೆದರೆ ಕೆಟ್ಟ ಪಿಕ್ಸೆಲ್ಲುಗಳು (ಹಾಟ್ ಪಿಕ್ಸೆಲ್) ಕೆಂಪು ನೀಲಿ ಚುಕ್ಕೆಗಳಾಗಿ ಕಾಣುತ್ತವೆ. ಕಾರ್ಡಿನ ಎರಡೂ ಜಾಗ, ಫ್ಲ್ಯಾಶ್ ಶೂ, ಪ್ರತಿ ಗುಂಡಿ ಒತ್ತಿ ನೋಡಿ. ಮೆನುವಿನ ಬ್ಯಾಟರಿ ಮಾಹಿತಿಯಲ್ಲಿ ವಯಸ್ಸು 0ಯಿಂದ 4ರವರೆಗೆ ತೋರಿಸುತ್ತದೆ. 3 ದಾಟಿದ್ದರೆ ಹೊಸ ಬ್ಯಾಟರಿಯ ದುಡ್ಡನ್ನು ಬೆಲೆಯಲ್ಲಿ ಕಳೆಯಿರಿ.

ಕರಾವಳಿಯಲ್ಲಿ ಬಳಸಿದ ಮಾಲಿಗೆ ಇನ್ನೊಂದು ಪರೀಕ್ಷೆ ಸೇರಿಸಬೇಕು. ಅಡಿಯ ಸ್ಕ್ರೂ ತಲೆಗಳಲ್ಲಿ ತುಕ್ಕು, ಬ್ಯಾಟರಿ ಗೂಡಿನ ಲೋಹದ ಬಿಂದುಗಳಲ್ಲಿ ಹಸಿರು, ಲೆನ್ಸ್ ಮೌಂಟಿನ ಬಿಂದುಗಳ ಮೇಲೆ ಬಿಳಿ ಪುಡಿ ಇದ್ದರೆ ಅದು ಉಪ್ಪುಗಾಳಿ ಕುಡಿದ ಕ್ಯಾಮೆರಾ. ಹೊರಗೆ ಅಷ್ಟು ಕಂಡರೆ ಒಳಗಿನ ಸರ್ಕ್ಯೂಟಿನಲ್ಲಿ ಎಷ್ಟಿದೆಯೋ. ಎಷ್ಟೇ ಅಗ್ಗವಾದರೂ ಬೇಡ.

ಪ್ರಶ್ನೆ: ಮಳೆಗಾಲ ಕಳೆಯುವಷ್ಟರಲ್ಲಿ ಲೆನ್ಸಿನೊಳಗೆ ಜೇಡರ ಬಲೆಯಂಥದ್ದು. ಅಕ್ಕಿ ಡಬ್ಬಿಯಲ್ಲಿಟ್ಟರೆ ಹೋಗುತ್ತದೆಯೇ? — ಕಾರವಾರ

ಉತ್ತರ: ಬಂದ ಬೂಸು ಯಾವ ಡಬ್ಬಿಯಲ್ಲಿಟ್ಟರೂ ಹೋಗುವುದಿಲ್ಲ, ಲೆನ್ಸ್ ಬಿಚ್ಚಿ ತೊಳೆಸಬೇಕು. ತಡ ಮಾಡಿದರೆ ಅದು ಗಾಜಿನ ಮೇಲಿನ ಲೇಪವನ್ನೇ ತಿನ್ನುತ್ತದೆ, ಆಮೇಲೆ ತೊಳೆದರೂ ಗುರುತು ಉಳಿಯುತ್ತದೆ. ಅಕ್ಕಿಯನ್ನು ಅನ್ನಕ್ಕೆ ಬಿಡಿ. ಅದರ ಧೂಳು ಝೂಮಿನ ಸಂದಿಗೆ ಸೇರುವುದಷ್ಟೇ ಲಾಭ.

ಬೂಸಿಗೆ ಬೇಕಾದ್ದು ತೇವ, ಕತ್ತಲೆ, ಅಲುಗದ ಗಾಳಿ. ಕ್ಯಾಮೆರಾ ಬ್ಯಾಗಿನಲ್ಲಿ ಮೂರೂ ಇವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬ್ಯಾಗಿನೊಳಗೆ ಇಡಲೇಬೇಡಿ. ರಬ್ಬರ್ ಅಂಚಿನ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಸುಮಾರು 15 ಲೀಟರಿನದು, ಅದರಲ್ಲಿ ಕಾಲು ಕೆ.ಜಿ. ಸಿಲಿಕಾ ಜೆಲ್, ಜೊತೆಗೆ ಒಂದು ಸಣ್ಣ ತೇವಮಾಪಕ. ಮುಳ್ಳು 40ರಿಂದ 50ರ ನಡುವೆ ನಿಲ್ಲಬೇಕು. 60 ದಾಟಿದರೆ ಜೆಲ್ ತುಂಬಿದೆ ಎಂದರ್ಥ: ನೀಲಿ ಹರಳು ಗುಲಾಬಿಯಾಗಿರುತ್ತದೆ, ಕಿತ್ತಳೆಯದು ಹಸಿರಾಗಿರುತ್ತದೆ. ಓವನ್ನಿನಲ್ಲಿ 120 ಡಿಗ್ರಿಯಲ್ಲಿ ಎರಡು ಗಂಟೆ ಒಣಗಿಸಿದರೆ ಮತ್ತೆ ಬರುತ್ತದೆ. 30ಕ್ಕಿಂತ ಕೆಳಗಿಳಿಸಿಯೂ ಇಡಬೇಡಿ, ರಬ್ಬರಿನ ಭಾಗಗಳಿಗೆ ಒಳ್ಳೆಯದಲ್ಲ. ಮೂರು ನಾಲ್ಕು ಲೆನ್ಸ್ ಆದ ಮೇಲೆ ಕರೆಂಟಿನ ಡ್ರೈ ಕ್ಯಾಬಿನೆಟ್ ಕೊಳ್ಳುವುದು ಸರಿ. ಮಳೆಗಾಲದಲ್ಲಿ ಕರೆಂಟ್ ಹೋಗುತ್ತದಲ್ಲ ಎಂಬ ಚಿಂತೆ ಬೇಡ. ಬಾಗಿಲು ತೆರೆಯದಿದ್ದರೆ ಹಲವು ಗಂಟೆ ಒಳಗಿನ ಒಣಹವೆ ಉಳಿಯುತ್ತದೆ.

ಲೆನ್ಸನ್ನು ಬಿಸಿಲಿಗಿಟ್ಟು ಬೂಸು ಕೊಲ್ಲುವ ಸಾಹಸ ಬೇಡ. ಅದೊಂದು ಭೂತಗನ್ನಡಿ, ಹತ್ತಿರದ ಬಟ್ಟೆಗೆ ಕಿಡಿ ಹತ್ತಬಹುದು.

ಟಾಗೋರ್ ಕಡಲತೀರದಲ್ಲಿ ಪ್ರೀವೆಡ್ಡಿಂಗ್ ಮುಗಿಸಿ ಬಂದ ದಿನವೇ ಸಿಹಿನೀರಿನಲ್ಲಿ ಅದ್ದಿ ಗಟ್ಟಿ ಹಿಂಡಿದ ಬಟ್ಟೆಯಿಂದ ಬಾಡಿ, ಲೆನ್ಸಿನ ಹೊರಮೈ ಒರೆಸಿ, ಒಣಬಟ್ಟೆಯಿಂದ ಮತ್ತೊಮ್ಮೆ ಒರೆಸಿ. ಒಣಬಟ್ಟೆಯಿಂದಲೇ ಶುರು ಮಾಡಿದರೆ ಉಪ್ಪು, ಮರಳಿನ ಕಣಗಳು ಗಾಜನ್ನು ಗೀರಬಹುದು. ಎಸಿ ಕೋಣೆಯಿಂದ ಹೊರಗೆ ಬರುವ ಮೊದಲು ಬ್ಯಾಗಿನ ಜಿಪ್ ಹಾಕಿ, ಹೊರಗೆ ಬಂದ ಅರ್ಧ ಗಂಟೆಯ ನಂತರವೇ ತೆರೆಯಿರಿ. ಇಲ್ಲದಿದ್ದರೆ ಆರತಕ್ಷತೆಯಿಂದ ಆಚೆ ಬಂದು ತೆಗೆದ ಮೊದಲ ಫೋಟೊಗಳೆಲ್ಲ ಮಂಜು.

ಪ್ರಶ್ನೆ: ಒಂದೇ 256 ಜಿಬಿ ಕಾರ್ಡ್ ಕೊಂಡರೆ ಸಾಲದೇ? — ಭಟ್ಕಳ

ಉತ್ತರ: ಅದರ ಬದಲು 64 ಜಿಬಿಯ ನಾಲ್ಕು ಕೊಳ್ಳಿ. ಒಂದು ಕೆಟ್ಟರೆ ಕಾಲುಭಾಗ ಮದುವೆ ಹೋಗುತ್ತದೆ, ಪೂರ್ತಿ ಅಲ್ಲ. ರಾ ಫೈಲ್ ಒಂದು 30 ಎಂಬಿ ಎಂದರೂ 64ರಲ್ಲಿ ಎರಡು ಸಾವಿರ ಫೋಟೊ ಹಿಡಿಯುತ್ತದೆ. ಒಂದೇ ಕಾರ್ಡಿನ ಕ್ಯಾಮೆರಾದವರು ಧಾರೆ ಮುಗಿದೊಡನೆ ತುಂಬಿರಲಿ ಬಿಡಲಿ ಕಾರ್ಡ್ ಬದಲಿಸಿ, ತೆಗೆದದ್ದನ್ನು ಒಳಜೇಬಿಗೆ ಹಾಕಿ. ಎರಡು ಕಾರ್ಡಿನವರು ಒಂದು ತುಂಬಿದ ಮೇಲೆ ಇನ್ನೊಂದು ಎಂದು ಇಡಬೇಡಿ, ಎರಡಕ್ಕೂ ಒಟ್ಟಿಗೆ ಬರೆಯುವ ಹಾಗೆ ಇಡಿ. ವಿ30 ಎಂದರೆ ಸೆಕೆಂಡಿಗೆ ಕನಿಷ್ಠ 30 ಎಂಬಿ ಬರೆಯುವ ಖಾತರಿ, ಫೋಟೊಕ್ಕೆ ಅದು ಸಾಕು. ಫಾರ್ಮ್ಯಾಟ್ ಯಾವಾಗಲೂ ಕ್ಯಾಮೆರಾದಲ್ಲೇ, ಅದೂ ಮನೆಯಲ್ಲಿ ಎರಡು ಹಾರ್ಡ್ ಡಿಸ್ಕಿಗೆ ನಕಲಾಗಿ, ತೆರೆದು ನೋಡಿದ ಮೇಲೆ.

ಪ್ರಶ್ನೆ: ಕಾರವಾರದ ಕಡಲ ಬದಿಯ ಮದುವೆಗೆ ಸಣ್ಣ ಡ್ರೋನ್ ಹಾರಿಸಬಹುದೇ? — ಕಾರವಾರ

ಉತ್ತರ: ಹತ್ತಿರದಲ್ಲೇ ನೌಕಾನೆಲೆ ಇದೆ. ಡ್ರೋನ್ ಹಾರಾಟಕ್ಕೆಂದು ಸರ್ಕಾರ ಇಟ್ಟಿರುವ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಜಾಗ ಕೆಂಪು ವಲಯದಲ್ಲಿದ್ದರೆ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ಹಸಿರು ವಲಯದಲ್ಲೂ 2021ರ ಡ್ರೋನ್ ನಿಯಮದಂತೆ 250 ಗ್ರಾಂ ದಾಟಿದ ಡ್ರೋನನ್ನು ದುಡ್ಡಿನ ಕೆಲಸಕ್ಕೆ ಹಾರಿಸಲು ನೋಂದಣಿ, ಪೈಲಟ್ ಪ್ರಮಾಣಪತ್ರ ಎರಡೂ ಬೇಕು. ಮೊದಲ ವರ್ಷದ ದುಡ್ಡನ್ನು ಇದಕ್ಕೆ ಹಾಕಬೇಡಿ.

ಪ್ರಶ್ನೆ: ಗೋಕರ್ಣದ ಶಿವರಾತ್ರಿ ತೇರು, ಶಿರಸಿಯ ಮಾರಿಕಾಂಬಾ ಜಾತ್ರೆ ಎರಡಕ್ಕೂ ಒಂದೇ ಲೆನ್ಸ್ ಆದೀತೇ? — ಗೋಕರ್ಣ

ಉತ್ತರ: ಆಗದು. ಜಾತ್ರೆಯಲ್ಲಿ ದೇವಿಯ ರಥ ಬಿಡಕಿಬೈಲಿಗೆ ಸಾಗುವುದು ಹಗಲಿನಲ್ಲಿ, ಜನರಾಚೆಯಿಂದ ತೆಗೆಯಬೇಕು. ಬೆಳಕು ಬೇಕಾದಷ್ಟಿರುವುದರಿಂದ ಎಫ್ 2.8 ಬೇಡ, 70-200 ಎಫ್ 4 ಅಥವಾ ಕಿಟ್ಟಿನ ಉದ್ದ ಝೂಮೂ ನಡೆಯುತ್ತದೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆಗೆಂದೇ ಕೊಳ್ಳುವುದಕ್ಕಿಂತ ಬಾಡಿಗೆಯೇ ಲೇಸು. ಆ ಗುಂಪಿನಲ್ಲಿ ಲೆನ್ಸ್ ಬದಲಿಸಲು ಹೋಗಬೇಡಿ. ಧೂಳು ಸೆನ್ಸರ್ ಸೇರುತ್ತದೆ.

ಗೋಕರ್ಣದ ರಥಬೀದಿ ಇಕ್ಕಟ್ಟು, ತೇರು ಎತ್ತರ. ಸಣ್ಣ ಸೆನ್ಸರಿಗೆ 11 ಮಿ.ಮೀ.ನಷ್ಟು ಅಗಲದ ಲೆನ್ಸ್ ಬೇಕು. ಕೆಳಗಿನಿಂದ ಕ್ಯಾಮೆರಾ ಎತ್ತಿ ಹಿಡಿದರೆ ತೇರು ಹಿಂದಕ್ಕೆ ಬೀಳುತ್ತಿರುವ ಹಾಗೆ ಬರುತ್ತದೆ. ಗುರುತಿನವರ ಮನೆಯ ಮೊದಲ ಮಹಡಿಯ ಕಿಟಕಿ ಕೇಳಿಕೊಂಡು, ಕ್ಯಾಮೆರಾ ಸಮತಟ್ಟಾಗಿ ಹಿಡಿಯಿರಿ. ಲೆನ್ಸಿಗೆ ಹುಡ್ ಹಾಕಿಯೇ ಇರಿ. ತೇರಿಗೆ ಎಸೆದ ಬಾಳೆಹಣ್ಣು ಎಲ್ಲವೂ ತೇರಿಗೇ ತಾಗುವುದಿಲ್ಲ.